ಪ್ಯಾಕೆಟ್ ಖಂಡದ ಬೀಗರೂಟ

ನಮ್ಮೂರಿನ ಮಟನ್ ಅಂಗಡಿಗಳಲ್ಲಿ ಮೋಸ ನಡೆಯುವುದಿಲ್ಲ. ಕುರಿಯ ಮಾಂಸ ಕೊಟ್ಟು ಹೋತದ್ದು ಎಂದು ಹೇಳಿದರೆ, ಮರುದಿನ ಬೆಳಿಗ್ಗೆ ತಿಂದವರ ಬಾಗಿಲಿಗೆ ಕೊಯ್ದ ಆ ಕುರಿಯೇ ಬಂದು ನಿಲ್ಲುತ್ತದೆ. ಹೊತ್ತು ಮೂಡುವಾಗ ಬಾಗಿಲು ತೆಗೆದು ಒಂದು ಹಿಡಿ ಹಸಿಹುಲ್ಲು ಮುಂದೆ ಹಿಡಿಯಬೇಕು. ಬಂದದ್ದು ತಲೆ ತಗ್ಗಿಸಿ, ಹುಲ್ಲಿಗೆ ಬಾಯಿ ತಾಗಿಸಿ, ಮುಂದಿನ ಮನೆಗೆ ಹೋಗುತ್ತದೆ. ಹುಲ್ಲಿನ ಒಂದು ಎಸಳೂ ಕಡಿಮೆಯಾಗುವುದಿಲ್ಲ, ಅಂಗಳದಲ್ಲಿ ಗೊರಸಿನ ಗುರುತೂ ಉಳಿಯುವುದಿಲ್ಲ. ಬಾಯಿ ತಾಗಿಸಿದ ಹುಲ್ಲನ್ನು ಬೇರೆ ಯಾವುದಕ್ಕೂ ಬಳಸದೆ ಕಾಲುವೆಗೆ ಬಿಡುತ್ತೇವೆ. ಕೋಳಿ ತಿಂದವರು ಜೋಳ ಹಿಡಿದು ನಿಲ್ಲುತ್ತಾರೆ. ಮೀನು ತಿಂದವರು ಹೊಸ್ತಿಲ ಹೊರಗೆ ಒಂದು ಬಕೆಟ್ ನೀರಿಟ್ಟು, ನೀರು ಒಮ್ಮೆ ಅಲ್ಲಾಡಿದ ಮೇಲೆ ಒಳಗೆ ಹೋಗುತ್ತಾರೆ. ತತ್ತಿಗೆ ಯಾರೂ ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಏಳಲು ಸೋಮಾರಿತನ ಇರುವವರೆಲ್ಲ ನಮ್ಮಲ್ಲಿ ತತ್ತಿ ತಿನ್ನುತ್ತಾರೆ.

ಬಾಡಿಗೆಗೆ ಬಂದ ಹೊಸಬರು ಮೊದಮೊದಲು ಹೆದರಿ ಬಾಗಿಲು ತೆಗೆಯದೆ ಕೂರುತ್ತಾರೆ, ಆಮೇಲೆ ತಾವೇ ಹುಲ್ಲು ಕೇಳಿಕೊಂಡು ಬರುತ್ತಾರೆ. ಮಾಂಸ ಮುಟ್ಟದ ಮನೆಯ ಅಳಿಯನೊಬ್ಬ ಪೇಟೆಯಲ್ಲಿ ಕದ್ದು ತಿಂದು ಬಂದದ್ದೂ, ಮರುದಿನ ಅತ್ತೆ ರಂಗೋಲಿ ಹಾಕುವಾಗ ಮೂರು ಕೋಳಿ ಬಂದು ಸಾಲಾಗಿ ನಿಂತದ್ದೂ ಊರಿಗೆಲ್ಲ ಗೊತ್ತು. ಇಷ್ಟು ಬಿಟ್ಟರೆ ನಮ್ಮದು ಎಲ್ಲ ಊರಿನಂಥದೇ ಊರು. ಒಂದು ಕಟ್ಟಳೆ ಮಾತ್ರ ಬಿಗಿ. ಜೀವಂತ ಆಡು ಕುರಿಗಳನ್ನು ಊರೊಳಗೆ ತರುವಂತಿಲ್ಲ, ದೊಡ್ಡಿಗಳೆಲ್ಲ ಕಾಲುವೆಯ ಆಚೆ. ಬೆಳಿಗ್ಗೆ ಬೀದಿಯಲ್ಲಿ ಹೋತ ಕಂಡರೆ ಅದು ಯಾರನ್ನೋ ನೋಡಲು ಬಂದ ಹೋತವೇ ಎಂದು ಅನುಮಾನವಿಲ್ಲದೆ ತಿಳಿಯಬೇಕಲ್ಲ.

ನನ್ನ ಹೆಸರು ತುಳಜವ್ವ. ಬಸ್ ನಿಲ್ದಾಣದ ಹಿಂದೆ ನಮ್ಮ ಖಾನಾವಳಿ ಇದೆ. ಖಾರ ಅರೆಯುವುದು, ಒಗ್ಗರಣೆ ಹಾಕುವುದು, ಗಿರಾಕಿಗಳನ್ನು ಬೈಯುವುದು ನನ್ನ ಕೆಲಸ. ಕಾಲುವೆ ಆಚೆ ಹೋಗಿ ಹೋತ ಕೊಯ್ದು ತರುವುದು ನಮ್ಮ ಯಜಮಾನರು ಪರಸಪ್ಪನವರ ಕೆಲಸ. ಇಪ್ಪತ್ತಾರು ವರ್ಷ ಕೈ ನಡುಗದೆ ಮಾಡಿದರು. ಕೆಂಚನ ತನಕ.

ಕೆಂಚ ಹುಟ್ಟಿದ ಮರುದಿನವೇ ತಾಯಿಯನ್ನು ಕಳೆದುಕೊಂಡ ಕೆಂಬಣ್ಣದ ಮರಿ. ಇವರೇ ದೊಡ್ಡಿಗೆ ಹೋಗಿ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದರು, ದೊಡ್ಡವನಾದ ಮೇಲೂ ಅಂಗೈಯಲ್ಲೇ ಕಾಳು ತಿನ್ನಿಸುತ್ತಿದ್ದರು. ಒಂದು ದಿನ ಬೇರೆ ಹೋತ ಸಿಗಲಿಲ್ಲ. ಹೊರಗೆ ಗಿರಾಕಿಗಳು ತಟ್ಟೆ ಬಡಿಯುತ್ತಿದ್ದರು. ಕೆಂಚನನ್ನೇ ಕೊಯ್ಯಿರಿ ಎಂದು ಹೇಳಿದವಳು ನಾನು. ಸುಳ್ಳು ಯಾಕೆ ಹೇಳಲಿ. ಇವರು ಒಂದು ಬುಟ್ಟಿ ಜೋಳದ ತೆನೆಯನ್ನು ಕೆಂಚನಿಗೆ ಪೂರಾ ತಿನ್ನಿಸಿ, ಆಮೇಲೆ ಕೊಯ್ದು ತಂದರು.

ಬಂದ ಪ್ರಾಣಿ ಯಾವತ್ತೂ ಸಾಲು ತಪ್ಪಿಸುವುದಿಲ್ಲ, ಮೊದಲು ಉಂಡವರ ಮನೆಗೆ ಮೊದಲು ಹೋಗುತ್ತದೆ. ಅಡಿಗೆಯವರಾದ ನಾವು ಕೊನೆಗೆ ಉಣ್ಣುವವರು, ಹಾಗಾಗಿ ಕೆಂಚ ಎಲ್ಲರ ಮನೆ ತಿರುಗಿ ಕೊನೆಗೆ ನಮ್ಮ ಹಿತ್ತಲ ಬಾಗಿಲಿಗೆ ಬಂದ. ಉಳಿದವರ ಮುಂದೆಲ್ಲ ತಲೆ ತಗ್ಗಿಸಿದವನು ನಮ್ಮವರ ಕೈಯ ಹುಲ್ಲು ನೋಡಿ ಮುಖ ತಿರುಗಿಸಿದ. ಹುಲ್ಲು ಮುಟ್ಟದ ಪ್ರಾಣಿಗೆ ಹೋಗಲು ದಾರಿಯಿಲ್ಲ. ಬಿಸಿಲು ಹೊಸ್ತಿಲಿಗೆ ಬರುವವರೆಗೆ ನಿಂತು ಮರೆಯಾಗುತ್ತದೆ, ಮರುದಿನ ಮತ್ತೆ ಬರುತ್ತದೆ. ಎಂಟು ತಿಂಗಳು ಕೆಂಚ ಒಂದು ದಿನವೂ ತಪ್ಪಿಸಲಿಲ್ಲ, ನಮ್ಮವರೂ ತಪ್ಪಿಸಲಿಲ್ಲ. ಅವನ ಸಿಟ್ಟು ಇಳಿದಿಲ್ಲ ಎನ್ನುತ್ತಿದ್ದರು. ಕತ್ತಿಯನ್ನು ಅಟ್ಟದ ಮೇಲೆ ಎತ್ತಿಟ್ಟರು. ಊರವರಿಗೆ ಭುಜ ನೋವು ಎಂದು ಹೇಳಿ, ಮಾಂಸವನ್ನು ಬೇರೆ ಅಂಗಡಿಯಿಂದ ತರತೊಡಗಿದೆವು. ನಿಜ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮತ್ತು ಮಗಳು ಚಂಪಾಳಿಗೆ ಮಾತ್ರ.

ಇಂಥ ಹೊತ್ತಿನಲ್ಲಿ ಪ್ರಹ್ಲಾದರಾಯರು ಕೊಡೆ ಹಿಡಿದುಕೊಂಡು ಖಾನಾವಳಿಗೆ ಬಂದರು. ಯಾವುದೋ ದೂರದ ಕಾರ್ಖಾನೆಯ ಪರವಾಗಿ ಬಂದವರು. ಸೋಯಾ, ಗೋಧಿಯ ಜಿಗುಟು, ಬಟಾಣಿ, ಬೀಟ್‌ರೂಟಿನ ರಸ ಸೇರಿಸಿ ಮಾಡಿದ ಮಾಂಸದಂಥದೇ ತುಂಡುಗಳು ಅವರ ಪ್ಯಾಕೆಟ್‌ಗಳಲ್ಲಿದ್ದವು. ಊರು ಅದಕ್ಕೆ ಪ್ಯಾಕೆಟ್ ಖಂಡ ಎಂದು ಹೆಸರಿಟ್ಟಿತು. ತಮಾಷೆ ಎಂದರೆ ರಾಯರು ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವರಲ್ಲ. ತಮ್ಮ ಮಾಲು ಮಾಂಸದ ಹಾಗಿದೆಯೋ ಇಲ್ಲವೋ ಅವರಿಗೇ ಗೊತ್ತಿಲ್ಲ, ನಮ್ಮನ್ನು ಕೇಳಿ ತಿಳಿದುಕೊಳ್ಳಬೇಕು. ಅದಕ್ಕೊಂದು ಅಚ್ಚು ಹಾಕಿಸಿದ ಫಾರ್ಮು. ಮೆತ್ತಗಿತ್ತೆ, ನಾರು ಬಿಡುತ್ತಿತ್ತೆ, ತೃಪ್ತಿಯಾಯಿತೆ, ಮತ್ತೆ ಕೊಳ್ಳುವಿರಾ. ಪ್ರತಿ ಪ್ರಶ್ನೆಗೂ ಮೂರು ಚೌಕಗಳು: ಹೌದು, ಇಲ್ಲ, ಹೇಳಲಾರೆ.

ಒಂದು ಶುಕ್ರವಾರ ಎಲ್ಲರಿಗೂ ಹೇಳಿಯೇ ಅದನ್ನು ಬಡಿಸಿದೆ. ಖಾರ ನಮ್ಮದು, ಒಣಕೊಬ್ಬರಿ ಗಸಗಸೆ ನಮ್ಮದು, ತುಂಡು ಮಾತ್ರ ಅವರದು. ಗಿರಾಕಿಗಳು ಮೊದಲು ಮೂಗು ಮುರಿದರು, ಆಮೇಲೆ ಎರಡನೇ ಸಲ ಹಾಕಿಸಿಕೊಂಡರು. ಕೇಳಿದರೆ ಸಾರು ಚಲೋ ಇತ್ತು ಎಂದರೇ ಹೊರತು ತುಂಡಿನ ಸುದ್ದಿ ಎತ್ತಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವರೆಲ್ಲ ಹುಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾರೂ ಬರುವುದಿಲ್ಲ ಎಂದು ರಾಯರು ಸಾರಿ ಸಾರಿ ಹೇಳಿದ್ದರೂ ನಿಂತಿದ್ದರು. ಬಿಸಿಲೇರಿತು, ಯಾರೂ ಬರಲಿಲ್ಲ. ಹುಲ್ಲನ್ನು ಏನು ಮಾಡುವುದೆಂದು ತಿಳಿಯದೆ ಕೆಲವರು ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದರು.

ದರ್ಜಿ ನರಸಪ್ಪನಿಗೆ ಮಾತ್ರ ಹಬ್ಬ. ಪ್ರಾಣಿಗಳ ಕಣ್ಣು ನೋಡಲಾಗದೆ ಹನ್ನೆರಡು ವರ್ಷದಿಂದ ಮಾಂಸ ಬಿಟ್ಟಿದ್ದವನು ಅಂದಿನಿಂದ ನಾಲ್ಕು ಹೊತ್ತು ಪ್ಯಾಕೆಟ್ ಖಂಡ ತಿನ್ನತೊಡಗಿದ. ಉಳಿದವರು ಖಾನಾವಳಿಗೆ ಬಂದು ಸಪ್ಪೆ ಮುಖ ಮಾಡಿ ಕುಳಿತರು. ಹೊಟ್ಟೆ ತುಂಬಿದೆ, ಆದರೆ ಊಟ ಮುಗಿದ ಹಾಗೆ ಅನ್ನಿಸುತ್ತಿಲ್ಲ ಎಂದ ಒಬ್ಬ. ಹಮಾಲರ ಮುಖಂಡನೊಬ್ಬ ನನ್ನನ್ನೇ ಕೇಳಿದ: "ಯಾರೂ ಬರ್ಲಿಲ್ಲ ಅಂದ್ರ, ನಾವು ತಿಂದದ್ದು ಯಾರನ್ನ ತುಳಜಕ್ಕ?" ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ. ರಾಯರು ಮಾತ್ರ ಹಿಗ್ಗಿ, ಪ್ಯಾಕೆಟ್ ಮೇಲೆ "ಯಾರೂ ಬರುವುದಿಲ್ಲ" ಎಂದು ದೊಡ್ಡದಾಗಿ ಅಚ್ಚು ಹಾಕಿಸುವುದಾಗಿ ಹೇಳಿದರು. ಊರವರು ಯಾವುದನ್ನು ದೂರು ಎಂದು ಹೇಳುತ್ತಿದ್ದರೋ ಅದನ್ನೇ ಅವರು ಹೊಗಳಿಕೆ ಎಂದು ಬರೆದುಕೊಂಡರು. ಮೂವತ್ತು ಪ್ಯಾಕೆಟ್ ನಮ್ಮ ಫ್ರಿಜ್ಜಿನಲ್ಲಿ ಇಟ್ಟು, ಒಂದು ಫಾರ್ಮು ಕೊಟ್ಟು, ತಿಂಗಳು ಬಿಟ್ಟು ಬರುತ್ತೇನೆಂದು ಹೋದರು.

ಎಲ್ಲರಿಗಿಂತ ಹೆಚ್ಚು ಸಿಟ್ಟಿಗೆದ್ದವಳು ಅಂಬವ್ವ. ಮೇಲಿನ ಓಣಿಯ ಕೊನೆಯ ಮನೆಯವಳು. ನಸುಕಿನಲ್ಲೆದ್ದು ಕಾಲುವೆ ದಂಡೆಯಲ್ಲಿ ಹುಲ್ಲು ಕೊಯ್ದು, ಸಿವುಡು ಕಟ್ಟಿ, ಮನೆ ಮನೆಗೆ ಮಾರುವುದು ಮೂವತ್ತು ವರ್ಷದಿಂದ ಅವಳ ಉದ್ಯೋಗ. ಗಂಡ ಹೋದ ಮೇಲೆ ಆ ಹುಲ್ಲಿನಲ್ಲೇ ಮಗ ವಿಠಲನನ್ನು ಓದಿಸಿ ದೊಡ್ಡವನನ್ನು ಮಾಡಿದಳು. ಬಂದ ಹೋತದ ನಡಿಗೆ ನೋಡಿಯೇ ಯಾವ ದೊಡ್ಡಿಯದು ಎಂದು ಹೇಳಬಲ್ಲವಳು. ಪ್ಯಾಕೆಟ್ ಖಂಡ ತಿನ್ನುವವರ ಮನೆಗೆ ತಾನು ಹುಲ್ಲು ಕೊಡುವುದಿಲ್ಲವೆಂದು ಸಾರಿದಳು. ಅವರಿಗೆ ಹುಲ್ಲು ಬೇಕಾಗಿರಲಿಲ್ಲ, ಅದು ಬೇರೆ ಮಾತು.

ಈಗ ನನ್ನ ಪಜೀತಿ ಕೇಳಿ. ಅಂಬವ್ವನ ಮಗ ವಿಠಲನಿಗೇ ನಮ್ಮ ಚಂಪಾಳನ್ನು ಕೊಡುವ ಮಾತಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಮೊದಲೇ ಒಪ್ಪಿಕೊಂಡಿದ್ದರು, ನಾವು ಹಿರಿಯರು ಒಪ್ಪುವುದಷ್ಟೇ ಉಳಿದಿತ್ತು. ನಮ್ಮಲ್ಲಿ ಮಾತು ಗಟ್ಟಿಯಾಗುವುದು ಬೀಗರೂಟದ ಮರುದಿನ. ಹೆಣ್ಣಿನ ಕಡೆಯವರು ಗಂಡಿನ ಓಣಿಗೆಲ್ಲ ಒಂದೇ ಹೋತದ ಊಟ ಹಾಕಬೇಕು. ಆ ಹೋತವನ್ನು ಗಂಡಿನ ತಾಯಿ ಆರಿಸಬೇಕು, ಹೆಣ್ಣಿನ ತಂದೆ ಸ್ವತಃ ಕೊಯ್ಯಬೇಕು. ಬೆಳಗಾದರೆ ಅದು ಓಣಿಯ ಪ್ರತಿ ಬಾಗಿಲಿಗೆ ಹೋಗಿ ಹುಲ್ಲು ಮುಟ್ಟಬೇಕು. ಒಂದೇ ಒಂದು ಬಾಗಿಲಲ್ಲಿ ಮುಖ ತಿರುಗಿಸಿತೋ, ಸಂಬಂಧ ಮುರಿದ ಹಾಗೆ. ಅಂಬವ್ವ ದೊಡ್ಡಿಗೆ ಬಂದು ಎಡಗಿವಿ ಮಾತ್ರ ಬಿಳುಪಾಗಿದ್ದ ಒಂದು ಕರಿ ಹೋತದ ಹಣೆಗೆ ಅರಿಸಿನ ಹಚ್ಚಿ ಹೋದಳು. ನಮ್ಮವರು ಆ ದಿನವಿಡೀ ಅಟ್ಟದ ಕಡೆಗೇ ನೋಡುತ್ತಿದ್ದರು.

ಬೀಗರೂಟದ ದಿನ ಬೆಳಕು ಹರಿಯುವ ಮುಂಚೆ ಅಟ್ಟದಿಂದ ಕತ್ತಿ ಇಳಿಸಿಕೊಂಡು, ತಳ್ಳುಗಾಡಿ ತಗೊಂಡು ಹೋದರು. ನಾನು ಮಸಾಲೆ ಹುರಿದು ಕಾದೆ. ತಿರುಗಿ ಬಂದಾಗ ಗಾಡಿಯ ಮೇಲೆ ಜೋಳದ ದಂಟಿನ ಹೊರೆ ಇತ್ತು. ಹೊರೆಯನ್ನು ಹಿತ್ತಲಿಗೆ ತಂದು ಬಿಚ್ಚಿದರು. ಒಳಗಿನಿಂದ ಕರಿ ಹೋತ ಎದ್ದು ನಿಂತು ಮೈ ಕೊಡವಿತು. ಜೀವಂತ ಹೋತವೊಂದು ಊರೊಳಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕತ್ತಿ ಎತ್ತಿದ್ದೆ ತುಳಜಾ," ಎಂದರು. "ಅದು ನನ್ನ ಕೈ ಮೂಸಿತು. ಇದಕ್ಕೂ ನನ್ನ ಮ್ಯಾಲೆ ಸಿಟ್ಟು ಬಂತಂದ್ರ? ಅಂಬವ್ವನ ಬಾಗಲಾಗ ಹೋಗಿ ಕೆಂಚನಂಗ ಮುಖ ತಿರುವಿ ನಿಂತ್ರ, ಚಂಪಾನ ಗತಿ ಏನು?"

ಕೊಯ್ದರೆ ಮುಖ ತಿರುಗಿಸಬಹುದು, ಕೊಯ್ಯದಿದ್ದರೆ ಬರುವುದೇ ಇಲ್ಲ. ಯಾವುದು ಮೇಲು ಎಂದು ಎಷ್ಟು ಯೋಚಿಸಿದರೂ ತಲೆ ಓಡಲಿಲ್ಲ. ಇನ್ನು ನಾಲ್ಕು ತಾಸಿಗೆ ಹದಿನಾಲ್ಕು ಮನೆಯ ಜನ ಎಲೆಯ ಮುಂದೆ ಕೂರುವವರಿದ್ದರು. ಹೋತವನ್ನು ದೊಡ್ಡಿಗೆ ವಾಪಸು ಕಳಿಸಿದರೆ ಅಲ್ಲಿ ಯಾರಾದರೂ ಅರಿಸಿನದ ಹಣೆ ನೋಡುತ್ತಾರೆ. ಹಿತ್ತಲ ಕಟ್ಟಿಗೆ ಕೋಣೆಯಲ್ಲಿ ಅದನ್ನು ಕಟ್ಟಿ, ಬಾಗಿಲು ಮುಂದೆ ಮಾಡಿ, ನಾನು ಫ್ರಿಜ್ಜು ತೆರೆದೆ. ಚಂಪಾ ಉಳ್ಳಾಗಡ್ಡಿ ಹೆಚ್ಚಲು ಕುಳಿತಳು. ಅವಳ ಕಣ್ಣೀರು ಉಳ್ಳಾಗಡ್ಡಿಯದೇ ಎಂದು ನಂಬಿಕೊಂಡು ನಾನು ಮೂವತ್ತೂ ಪ್ಯಾಕೆಟ್ ಕತ್ತರಿಸಿದೆ. ನಾಳೆ ಬೆಳಗಿನ ಮಾತು ನಾಳೆಗೆ ಎಂದುಕೊಂಡೆ.

ಜನ್ಮದಲ್ಲಿ ಅಂಥ ಅಡಿಗೆ ಮಾಡಿರಲಿಲ್ಲ. ಹೆದರಿದವಳ ಕೈಗೆ ಖಾರ ಮುಂದಾಗುತ್ತದೆ. ಒಂದು ಪಾತೇಲಿ ಕೆಂಪು ರಸ, ಒಂದು ಬಾಣಲೆ ಸುಕ್ಕಾ, ಬಿಸಿ ರೊಟ್ಟಿ. ಮೇಲಿನ ಓಣಿಯವರನ್ನು ಮನೆಗಳ ಸಾಲಿನಲ್ಲೇ ಕೂರಿಸಿದೆ, ಪದ್ಧತಿ ಹಾಗೆ. ಗಂಡಿನ ತಾಯಿ ತನ್ನವರೆಲ್ಲ ಉಂಡದ್ದನ್ನು ನೋಡಿ ಕೊನೆಗೆ ಉಣ್ಣಬೇಕು, ಆದ್ದರಿಂದ ಅಂಬವ್ವ ಸೊಂಟಕ್ಕೆ ಕೈಕೊಟ್ಟು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಓಣಿಯ ಹಿರಿಯರೊಬ್ಬರು ಎಲೆಯಲ್ಲಿ ಬೆರಳಾಡಿಸಿ ಒಂದು ಎಲುಬಿನ ತುಂಡು ಹಾಕಲು ಹೇಳಿದರು. ಪ್ಯಾಕೆಟ್ ಖಂಡದಲ್ಲಿ ಎಲುಬು ಎಲ್ಲಿಂದ ಬರಬೇಕು? ಬೀಗರ ಎಲೆಗೆ ಎಲುಬು ಹಾಕುವುದು ಮರ್ಯಾದೆಯಲ್ಲ, ಅದಕ್ಕೇ ಕೂತು ಒಂದೊಂದೇ ಬಿಡಿಸಿ ಬರೀ ಖಂಡ ಮಾಡಿದ್ದೇನೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಪಂಕ್ತಿಯೆಲ್ಲ ಹೌದೌದು ಎಂದು ತಲೆದೂಗಿತು. ಇಂಥ ಉಪಚಾರ ಎಲ್ಲೂ ಕಂಡಿಲ್ಲವೆಂದು ಹಿರಿಯರು ಇನ್ನಷ್ಟು ಹಾಕಿಸಿಕೊಂಡರು. ಕಡೆಗೆ ಅಂಬವ್ವ ಕುಳಿತು, ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಹೋತ ಎಳೆಯದಿತ್ತು ಎಂದಷ್ಟೇ ಹೇಳಿ ಕೈ ತೊಳೆದಳು.

ಅವರು ಹೋದ ಮೇಲೆ ನನಗೆ ನಾಚಿಕೆಯೂ ಆಯಿತು, ಒಳಗೊಳಗೆ ಸಣ್ಣ ಹೆಮ್ಮೆಯೂ ಆಯಿತು. ಮೇಲಿನ ಓಣಿಯ ನಾಲಿಗೆಗಳನ್ನು ಸೋಯಾದಿಂದ ಗೆದ್ದಿದ್ದೆ. ಆದರೆ ಬೆಳಿಗ್ಗೆ ಆ ಹದಿನಾಲ್ಕು ಬಾಗಿಲಲ್ಲಿ ಜನ ಹುಲ್ಲು ಹಿಡಿದು ನಿಲ್ಲುವುದನ್ನು ನೆನೆದಾಗ ಹೆಮ್ಮೆ ಇಳಿದುಹೋಯಿತು. ಹೋತಕ್ಕೆ ಒಂದು ಎಸಳು ಮೇವು ಹಾಕಬೇಕೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮನೆಗೆ ಬಂದ ಹೋತ ಮೇವು ತಿನ್ನುತ್ತದೆ ಎನ್ನುವುದೇ ನಮ್ಮೂರಿನವರ ತಲೆಗೆ ಹೋಗುವ ಮಾತಲ್ಲ.

ಬೆಳಿಗ್ಗೆ ಹಿತ್ತಲಿಗೆ ಬಂದರೆ ಕಟ್ಟಿಗೆ ಕೋಣೆಯ ಬಾಗಿಲು ತೆರೆದಿತ್ತು. ನೆಲದ ಮೇಲೆ ಅಗಿದು ತುಂಡಾದ ಹಗ್ಗ. ನಮ್ಮವರು ಎಂದಿನಂತೆ ಬಾಗಿಲಲ್ಲಿ ಹುಲ್ಲು ಹಿಡಿದು ನಿಂತಿದ್ದರು. ಎದುರಿಗೆ ಕೆಂಚ ಮುಖ ತಿರುಗಿಸಿ ನಿಂತಿದ್ದ. ಕರಿ ಹೋತ ಎಲ್ಲಿ ಎಂದು ಕೇಳಿದರೆ, ನನ್ನ ಮಗ್ಗಲಿಂದಲೇ ಹೋಯಿತು, ನಾನು ಕೆಂಚನನ್ನು ನೋಡುತ್ತಿದ್ದೆ ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಓಡಿದೆ.

ನಮ್ಮ ಹಿತ್ತಲ ದಾರಿ ನೇರ ಮೇಲಿನ ಓಣಿಗೆ ಹೋಗುತ್ತದೆ. ಅಲ್ಲಿ ಹದಿನಾಲ್ಕು ಬಾಗಿಲು ತೆರೆದು, ಜನ ಹದಿನಾಲ್ಕು ಹಿಡಿ ಹಸಿಹುಲ್ಲು ಮುಂದೆ ಹಿಡಿದು ನಿಂತಿದ್ದರು. ಒಂದು ಹಗಲು ಒಂದು ರಾತ್ರಿ ಹಸಿದ ಹೋತ ಮತ್ತೆಲ್ಲಿಗೆ ಹೋಗಬೇಕು? ಮೊದಲನೇ ಮನೆಯ ಮುಂದೆ ನಿಂತಿತ್ತು. ಅರಿಸಿನ ಹಣೆ, ಬಿಳಿ ಎಡಗಿವಿ. ಮನೆಯವರು ಕಣ್ಣು ಮುಚ್ಚಿ ಕೈ ನೀಡಿದ್ದರು, ನಮ್ಮಲ್ಲಿ ಬಂದದ್ದರ ಮುಖವನ್ನು ನೇರ ನೋಡುವ ರೂಢಿ ಇಲ್ಲ. ಹೋತ ಆ ಹಿಡಿ ಹುಲ್ಲನ್ನು ಪೂರ್ತಿ ತಿಂದು ಎರಡನೇ ಮನೆಗೆ ಹೋಯಿತು. ಕಣ್ಣು ಬಿಟ್ಟವರು ತಮ್ಮ ಖಾಲಿ ಕೈ ನೋಡಿಕೊಂಡು ಬೆರಗಾದರು. ಮೂರನೇ ಮನೆಯ ಹೊತ್ತಿಗೆ ಓಣಿಯಲ್ಲಿ ಪಿಸುಮಾತು ಹರಿಯಿತು. ಹುಲ್ಲನ್ನೇ ತಗೊಂಡು ಹೋಗುತ್ತಿದೆ, ಇಂಥ ಗಟ್ಟಿ ಸಂಬಂಧವನ್ನು ನಾವು ಕಂಡಿಲ್ಲ ಎಂದು ಹೆಂಗಸರು ಕೈ ಮುಗಿದರು. ನಾನು ಗೋಡೆಗೆ ಆತುಕೊಂಡೇ ಅದರ ಹಿಂದೆ ನಡೆದೆ. ಕೂಗುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ. ಬಂದದ್ದನ್ನು ಊರಲ್ಲಿ ಯಾರೂ ಮುಟ್ಟಬಾರದು.

ಆರನೇ ಮನೆ ದಾಟಿದ ಮೇಲೆ ಹೋತದ ನಡಿಗೆ ನಿಧಾನವಾಯಿತು. ಒಂಬತ್ತನೇ ಮನೆಯಲ್ಲಿ ಅರ್ಧ ಹಿಡಿ ತಿಂದು ಬಿಟ್ಟಿತು. ಹನ್ನೆರಡರಲ್ಲಿ ನಾಲ್ಕು ಎಸಳು, ಹದಿಮೂರರಲ್ಲಿ ಬರೀ ಮೂಸಿತು. ಹೊಟ್ಟೆ ಎರಡೂ ಕಡೆ ಉಬ್ಬಿತ್ತು. ನನಗೆ ಆಗ ಅರ್ಥವಾಯಿತು. ಹದಿನಾಲ್ಕನೆಯದು ಅಂಬವ್ವನ ಮನೆ.

ಅಂಬವ್ವ ಎಲ್ಲರಂತೆ ಕಣ್ಣು ಮುಚ್ಚುವವಳಲ್ಲ. ತೊಳೆದ ಸೀರೆ ಉಟ್ಟು, ತನ್ನ ಕೈಯಾರೆ ಕೊಯ್ದ ಎಳೆ ಹುಲ್ಲು ಹಿಡಿದು, ಹೋತವನ್ನೇ ದಿಟ್ಟಿಸುತ್ತ ನಿಂತಿದ್ದಳು. ಅವಳ ಹಿಂದೆ ವಿಠಲ. ಓಣಿಯ ಜನವೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಹೋತ ಅವಳ ರಂಗೋಲಿಯ ಮೇಲೆ ನಿಂತು, ಹುಲ್ಲು ನೋಡಿ, ಮುಖ ತಿರುಗಿಸಿತು. ಅಂಬವ್ವ ಹುಲ್ಲನ್ನು ಆ ಕಡೆಗೆ ಒಯ್ದಳು. ಅದು ಈ ಕಡೆಗೆ ತಿರುಗಿಸಿತು. ವಿಠಲನ ಮುಖ ಬಿಳಿಚಿತು. ನನ್ನ ಮಗಳ ಬಾಳು ಒಂದು ಹೋತದ ಹೊಟ್ಟೆಯಲ್ಲಿ ಜಾಗ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು, 'ನಾಲ್ಕು ಎಸಳು ತಿನ್ನಪ್ಪಾ' ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಹೋತ ಬಾಲ ಎತ್ತಿತು. ರಂಗೋಲಿಯ ಮೇಲೆ ಹಿಕ್ಕೆಗಳು ಪಟಪಟ ಉದುರಿದವು.

ಅಂಬವ್ವ ಕೆಳಗೆ ನೋಡಿದಳು. ಆಮೇಲೆ ಗೋಡೆಗೆ ಆತು ನಿಂತಿದ್ದ ನನ್ನನ್ನು ನೋಡಿದಳು. ನಂತರ ಒಂದು ಹೆಜ್ಜೆ ಮುಂದಿಟ್ಟು, ಸೀರೆಯ ನೆರಿಗೆ ಹಿಕ್ಕೆಗಳನ್ನು ಮುಚ್ಚುವ ಹಾಗೆ ನಿಂತು, ಹೋತಕ್ಕೂ ಓಣಿಗೂ ನಡುವೆ ಬೆನ್ನು ಅಡ್ಡ ಕೊಟ್ಟಳು. ಕೈಯ ಹುಲ್ಲನ್ನು ಸೆರಗಿನೊಳಗೆ ಎಳೆದುಕೊಂಡು, ಖಾಲಿ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದಳು.

"ತೊಗೊಂಡ್ತು," ಎಂದಳು.

ಓಣಿಯವರು ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಅಂಬವ್ವ ಹೋತವನ್ನು ಕಿವಿ ಹಿಡಿದು ಒಳಗೆಳೆದುಕೊಂಡಳು, ನನಗೂ ಬಾ ಎಂದು ಕಣ್ಣಲ್ಲೇ ಹೇಳಿದಳು. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ, ಕೆಂಚನಿಂದ ಹಿಡಿದು ಮೂವತ್ತು ಪ್ಯಾಕೆಟ್ಟಿನ ತನಕ ಒಂದೇ ಉಸುರಿಗೆ ಒಪ್ಪಿಸಿದೆ. ಅಂಬವ್ವ ಬೈಯಲಿಲ್ಲ. ನಾನು ಹೇಳಿದ್ದನ್ನು ಕೇಳಿದಳೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ನೆಲದ ಮೇಲೆ ಕುಳಿತು, ಹೋತದ ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನ ಗುಡುಗುಡು ಸದ್ದನ್ನು ಕೈಯಲ್ಲೇ ಕೇಳುತ್ತಿದ್ದಳು.

"ಮೂವತ್ತು ವರ್ಷ ಹುಲ್ಲು ಮಾರೇನಿ ತುಳಜವ್ವ," ಎಂದಳು ಕೊನೆಗೆ. "ಎಲ್ಲಾ ಕಾಲುವಿಗೆ ಹೋತು. ನನ್ನ ಹುಲ್ಲು ಒಬ್ಬರು ತಿಂದದ್ದು ಇವತ್ತ ಮೊದಲು."

ಅವಳ ಕಣ್ಣಲ್ಲಿ ನೀರಿತ್ತು. ಅಂಬವ್ವನ ಕಣ್ಣಲ್ಲಿ ನೀರು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸಂಬಂಧದ ಮಾತು ಎಂದು ನಾನು ತೊದಲಿದೆ. ಆಗಲೇ ಹೇಳಿದೆನಲ್ಲ ಎಂದಳು. ಹೋತ ತನ್ನ ಹತ್ತಿರವೇ ಇರಲಿ, ಕತ್ತಲಾಗುವ ಮೊದಲು ಕಾಲುವೆ ಆಚೆಯ ತನ್ನ ಹುಲ್ಲಿನ ಗುಡಿಸಲಿಗೆ ಒಯ್ಯುತ್ತೇನೆ, ಯಾರೂ ಕೊಯ್ಯುವ ಹಾಗಿಲ್ಲ ಎಂದಳು. ನಾನು ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಹೇಳಿದ್ದು ನನಗೋ ಹೋತಕ್ಕೋ ತಿಳಿಯದು.

"ಮುಖ ತಿರುವಿದ್ದಕ್ಕ ನಾ ಸಿಟ್ಟು ಅಂತ ತಿಳಿದಿದ್ದೆ. ಹೊಟ್ಟಿ ತುಂಬೇತಿ ಅಷ್ಟ."

ಆ ಮಾತು ನನ್ನ ತಲೆಯಲ್ಲಿ ಕೂತಿತು. ದಾರಿಯುದ್ದಕ್ಕೂ ಅದನ್ನೇ ತಿರುವಿ ಹಾಕಿದೆ. ಎರಡು ವರ್ಷ ಅಂಗೈಯಲ್ಲಿ ತಿಂದವನು ಕೆಂಚ. ಕಡೆಯ ಬೆಳಿಗ್ಗೆ ಒಂದು ಬುಟ್ಟಿ ತೆನೆ ತಿಂದವನು. ಊರೆಲ್ಲ ತಿರುಗಿ ಕೊನೆಗೆ ನಮ್ಮ ಬಾಗಿಲಿಗೆ ಬಂದವನು. ಸತ್ತದ್ದಕ್ಕೆ ಹೊಟ್ಟೆ ತುಂಬುವುದು ಹೇಗೆ ಎಂದು ನನ್ನ ತಲೆಯೇ ನನ್ನನ್ನು ಕೇಳಿತು. ಬಾಯಿ ತಾಗಿಸಿದ ಹುಲ್ಲು ಕಡಿಮೆಯಾಗುವುದೇ ಇಲ್ಲವಲ್ಲ. ಈ ಮಾತು ಸರಿ ಹೊಂದುವುದಿಲ್ಲ ಎಂದು ನನಗೂ ಗೊತ್ತು. ಆದರೂ ಓಡುತ್ತಲೇ ಬಂದೆ.

ಬಿಸಿಲು ಇನ್ನೂ ಹೊಸ್ತಿಲಿಗೆ ಬಂದಿರಲಿಲ್ಲ. ನಮ್ಮವರು ಹಾಗೇ ನಿಂತಿದ್ದರು, ಕೆಂಚನೂ ಹಾಗೇ ನಿಂತಿದ್ದ. ಸಂಬಂಧ ಉಳಿಯಿತು ಎಂದು ಮೊದಲು ಹೇಳಿದೆ, ಚಂಪಾ ಒಳಗಿನಿಂದ ಕೇಳಿಸಿಕೊಂಡು ಬಾಗಿಲಿಗೆ ಬಂದಳು. ಆಮೇಲೆ ಅವರ ಮೊಳಕೈ ಹಿಡಿದು ಹೇಳಿದೆ:

"ಅವಗ ಸಿಟ್ಟಿಲ್ರಿ. ನೀವು ಅವನ ಹೊಟ್ಟಿ ತುಂಬಿಸಿ ಕಳಿಸೀರಿ. ಹುಲ್ಲು ಕೆಳಗ ಹಾಕ್ರಿ."

ಅವರು ನನ್ನನ್ನು ನೋಡಿದರು. ನಂಬಿದರೋ, ತೋಳು ಸೋತಿತ್ತೋ, ಹಿಡಿ ಸಡಿಲವಾಗಿ ಹುಲ್ಲು ನೆಲಕ್ಕೆ ಬಿತ್ತು. ಬರಿಗೈ ಹಾಗೇ ಮುಂದೆ ಉಳಿಯಿತು. ಕೆಂಚ ಮುಖ ಈ ಕಡೆ ತಿರುಗಿಸಿದ. ಎಂಟು ತಿಂಗಳಲ್ಲಿ ಅವನ ಕಣ್ಣು ನಮಗೆ ಕಂಡದ್ದು ಆಗಲೇ. ನಿಧಾನ ತಲೆ ತಗ್ಗಿಸಿ, ಆ ಖಾಲಿ ಅಂಗೈಗೆ ಬಾಯಿ ಇಟ್ಟು, ಮರಿಯಾಗಿದ್ದಾಗ ಇಡುತ್ತಿದ್ದ ಹಾಗೆಯೇ ಇಟ್ಟು, ಸ್ವಲ್ಪ ಹೊತ್ತು ನಿಂತ. ಆಮೇಲೆ ಹೋದ. ನಮ್ಮವರು ಹೊಸ್ತಿಲ ಮೇಲೆ ಕುಳಿತು ಅಂಗೈಯನ್ನು ಮುಖಕ್ಕೆ ಹಿಡಿದು ಅತ್ತರು. ನಾನೂ ಅತ್ತೆ. ಕೊಯ್ಯಿರಿ ಎಂದವಳು ನಾನೇ ಅಲ್ಲವೆ.

ತಿಂಗಳಾದ ಮೇಲೆ ರಾಯರು ಬಂದು ಫಾರ್ಮು ಕೇಳಿದರು. ಚಂಪಾಳ ಮದುವೆಗೆ ಎಂಟು ದಿನ ಉಳಿದಿತ್ತು. ಮೆತ್ತಗಿತ್ತು, ಹೌದು. ನಾರು ಬಿಡುತ್ತಿತ್ತು, ಹೌದು. ತೃಪ್ತಿಯಾಯಿತೆ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಬೀಗರು ಇಂದಿಗೂ ಆ ಊಟವನ್ನು ಹೊಗಳುತ್ತಾರೆ, ಅಂಥ ಹೋತ ಮತ್ತೆ ಸಿಗದು ಎನ್ನುತ್ತಾರೆ. ಆ ಹೋತ ಕಾಲುವೆ ಆಚೆ ಅಂಬವ್ವನ ಹುಲ್ಲು ತಿಂದು ಕೊಬ್ಬಿದೆ. ಖಾನಾವಳಿಯಲ್ಲಿ ಈಗ ಎರಡು ಪಾತೇಲಿ ಇಡುತ್ತೇನೆ. ಯಾರಾದರೂ ಬರುವುದು ಒಂದು, ಯಾರೂ ಬಾರದ್ದು ಒಂದು. ಗಿರಾಕಿಗಳು ಎರಡರ ನಡುವೆ ತಟ್ಟೆ ಹಿಡಿದು ನಿಂತು ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡುತ್ತೇನೆ. ಮೂರನೇ ಚೌಕಕ್ಕೆ ಗುರುತು ಹಾಕಿ ರಾಯರಿಗೆ ಫಾರ್ಮು ಕೊಟ್ಟೆ. ಅವರು ಬೇಸರಪಟ್ಟುಕೊಂಡರು.

ಕೆಂಚ ಆ ದಿನದ ನಂತರ ಬಂದಿಲ್ಲ. ನಮ್ಮವರ ಭುಜ ನೋವು ಹೋಯಿತು ಎಂದು ಊರು ತಿಳಿದುಕೊಂಡಿದೆ, ಕತ್ತಿ ಮಾತ್ರ ಅಟ್ಟದ ಮೇಲೆಯೇ ಇದೆ. ಅಂಬವ್ವನಿಗೆ ನಾವು ಹುಲ್ಲು ಬೇಡವೆಂದು ಹೇಳಿದ್ದೇವೆ. ಆದರೂ ದಿನಾ ಹೊತ್ತು ಮೂಡುವಾಗ ಅವರು ಹಿತ್ತಲ ಬಾಗಿಲು ತೆಗೆದು, ಅಂಗೈ ಮುಂದೆ ಚಾಚಿ, ಬಿಸಿಲು ಬರುವ ತನಕ ನಿಲ್ಲುತ್ತಾರೆ.